ಪಟ್ಟಿಯಲ್ಲಿಲ್ಲದ ಮೂರು ವಾರ

ಫೆಬ್ರವರಿ 9

ಅಮ್ಮಾ,

ನೀನು ಹೊಲಿದು ಕಳಿಸಿದ ಬೂದು ಅಂಗಿ ಬಂದು ತಲುಪಿತು. ಜೇಬು ದೊಡ್ಡದಾಗಿ ಇಟ್ಟಿದ್ದು ಒಳ್ಳೆಯದಾಯಿತು, ಪಾರ್ಲರಿನ ಎರಡು ಬಾಚಣಿಗೆ, ಒಂದು ಕತ್ತರಿ ಹಿಡಿಸುತ್ತವೆ.

ಈಗ ವಿಷಯಕ್ಕೆ ಬರುತ್ತೇನೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಎರಡೂ ಕೈ ಯಾವಾಗಲೂ ಮಿಷನ್ನಿನ ಮೇಲೆ, ಫೋನು ಸ್ಪೀಕರಿನ ಮೇಲೆ. ಅಳತೆ ಕೊಡಲು ಬಂದವರೆಲ್ಲ ನನ್ನ ನೆಗಡಿ ಹೇಗಿದೆ ಎಂದು ವಿಚಾರಿಸುತ್ತಾರೆ. ಈ ಮಾತು ಅವರಿಗಲ್ಲ.

ನಾನು ಎದೆ ದೊಡ್ಡದು ಮಾಡಿಸಿಕೊಳ್ಳುವ ಆಪರೇಷನ್ ಮಾಡಿಸಿಕೊಳ್ಳುತ್ತಿದ್ದೇನೆ. ಇನ್ನೊಮ್ಮೆ ಓದಬೇಡ, ಸರಿಯಾಗಿಯೇ ಓದಿದ್ದೀಯ.

ಇವತ್ತು ನಿನ್ನೆ ಹುಟ್ಟಿದ ಆಸೆಯಲ್ಲ. ಮೂರೂವರೆ ವರ್ಷದಿಂದ ಸಂಬಳದ ಕಾಲು ಭಾಗ ಬೇರೆ ಖಾತೆಗೆ ಹಾಕುತ್ತಿದ್ದೇನೆ. ಇಬ್ಬರು ಡಾಕ್ಟರನ್ನು ನೋಡಿ ಬಂದೆ. ಮೊದಲನೆಯವನು ಹತ್ತು ನಿಮಿಷದಲ್ಲಿ ತಾರೀಖು ಕೊಡಲು ಹೊರಟ, ಎದ್ದು ಬಂದೆ. ಎರಡನೆಯವರು ಹೆಂಗಸು. ಮುಕ್ಕಾಲು ಗಂಟೆ ಕೂರಿಸಿಕೊಂಡು, ಇದರಲ್ಲಿ ಏನೇನು ಕೆಡಬಹುದು ಎಂಬುದನ್ನೇ ಮೊದಲು ಹೇಳಿದರು. ಅವರಲ್ಲೇ ಮಾಡಿಸುತ್ತೇನೆ. ಅವರು ಕೊಟ್ಟ ಖರ್ಚಿನ ಪಟ್ಟಿಯ ನಕಲು ಇದರ ಜೊತೆಗಿದೆ. ಒಟ್ಟು ನನ್ನ ಒಂಬತ್ತು ತಿಂಗಳ ಸಂಬಳವಾಗುತ್ತದೆ. ಕೂಡಿಟ್ಟಿರುವುದು ಹತ್ತೂವರೆ ತಿಂಗಳದ್ದು. ಬಟ್ಟೆ ಕತ್ತರಿಸುವ ಮೊದಲು ಎಲ್ಲೆಲ್ಲಿ ಕಡಿಮೆ ಬೀಳುತ್ತದೆ ಎಂದು ಕಂಡುಹಿಡಿಯುವವಳು ನೀನು. ಈ ಪಟ್ಟಿಯನ್ನೂ ಒಮ್ಮೆ ನೋಡು.

ಇನ್ನೊಂದು. ಆಪರೇಷನ್ ಆದಮೇಲೆ ಸುಮಾರು ಮೂರು ವಾರ ಕೈಯನ್ನು ಭುಜಕ್ಕಿಂತ ಮೇಲೆ ಎತ್ತುವ ಹಾಗಿಲ್ಲ. ತಲೆ ಬಾಚಿಕೊಳ್ಳಲು ಆಗುವುದಿಲ್ಲ, ಮೇಲಿನ ಶೆಲ್ಫಿನಿಂದ ಲೋಟ ತೆಗೆಯಲು ಆಗುವುದಿಲ್ಲ. ಆ ಮೂರು ವಾರ ನೀನು ಬಂದು ಇರುತ್ತೀಯಾ?

ನಿನ್ನ ಮಗಳು


ಫೆಬ್ರವರಿ 20

ಕಡ್ಡಿ,

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಮೊದಲ ದಿನ ಓದಿ ಗುಂಡಿ ಡಬ್ಬಿಯಲ್ಲಿ ಇಟ್ಟೆ. ಎರಡನೆಯ ದಿನ ಒಂದು ಶರ್ಟಿಗೆ ಎರಡೂ ಎಡಗೈ ತೋಳುಗಳನ್ನೇ ಹೊಲಿದೆ. ಮೂವತ್ತೆರಡು ವರ್ಷದ ಕಸುಬಿನಲ್ಲಿ ಇದು ಮೊದಲ ಸಲ. ಆಗ ಗೊತ್ತಾಯಿತು, ನನಗೆ ತಲೆ ನೆಟ್ಟಗಿಲ್ಲ ಎಂದು.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನೀನು ಹೆಗ್ಗಣವೂ ಅಲ್ಲವಲ್ಲೇ, ನೋಡಲು ಲಕ್ಷಣವಾಗಿದ್ದೀಯ. ಈ ಒಂದು ಸಾಲಿಗಿಂತ ಹೆಚ್ಚು ಹೇಳುವುದಿಲ್ಲ. ಕೇಳಿದ್ದು ಪಟ್ಟಿಯ ವಿಚಾರ, ಅದನ್ನು ಹೇಳುತ್ತೇನೆ.

ಒಂಬತ್ತು ತಿಂಗಳ ಸಂಬಳವೆಂದರೆ ನನ್ನ ಲೆಕ್ಕದಲ್ಲಿ ಆರುನೂರ ನಲವತ್ತು ಶಾಲೆ ಸಮವಸ್ತ್ರ, ಗುಂಡಿ, ಕಾಜಾ ಸೇರಿ. ಇರಲಿ. ಪಟ್ಟಿಯಲ್ಲಿ ಡಾಕ್ಟರ ಫೀಸಿದೆ, ಅರಿವಳಿಕೆ ಕೊಡುವವರದ್ದಿದೆ, ಆಪರೇಷನ್ ಕೋಣೆಯ ಬಾಡಿಗೆಯಿದೆ, ಒಳಗಿಡುವ ಆ ಇಂಪ್ಲಾಂಟಿನ ಬೆಲೆಯಿದೆ. ಮೊದಲು ಮಾಡಿಸುವ ರಕ್ತ ಪರೀಕ್ಷೆ, ಸ್ಕ್ಯಾನು ಎಲ್ಲಿದೆ? ಆಮೇಲಿನ ಔಷಧಿ? ಬಿಗಿಯಾದ ಒಳಉಡುಪು ತಿಂಗಳುಗಟ್ಟಲೆ ಹಾಕಬೇಕಂತೆ, ಒಂದನ್ನೇ ಒಗೆದು ಒಗೆದು ಹಾಕುತ್ತೀಯಾ? ಮುಖ್ಯವಾಗಿ, ನೀನು ಕೂದಲು ಕತ್ತರಿಸುವವಳು. ದಿನವಿಡೀ ಕೈ ಮೇಲೆತ್ತಿಯೇ ಕೆಲಸ. ಮೂರು ವಾರ ಆದ ತಕ್ಷಣ ನೀನು ಪಾರ್ಲರಿನಲ್ಲಿ ನಿಂತು ಡ್ರೈಯರ್ ಹಿಡಿಯುತ್ತೀಯೇನು? ಆರು ವಾರ ರಜೆ ಹಿಡಿ. ರಜೆಗೆ ಸಂಬಳವಿಲ್ಲ ಎಂದು ನೀನೇ ಹೇಳಿದ್ದೆ. ನಿನ್ನ ಕೈಯಲ್ಲಿ ಮಿಕ್ಕಿದ ಒಂದೂವರೆ ತಿಂಗಳು ಅಲ್ಲಿಗೇ ಸರಿಹೋಯಿತು. ಉಳಿದ ಖರ್ಚಿಗೆ ಕೈ ಬರಿದು.

ಇನ್ನೊಂದು ಕೇಳಿ ಬಾ. ಅದು ಎಷ್ಟು ವರ್ಷ ಬಾಳಿಕೆ ಬರುತ್ತದೆ? ಜಿಪ್ಪು ಹಾಕಿಸಿದವರು ನಾಳೆ ಜಿಪ್ಪು ಕೆಟ್ಟರೆ ಮತ್ತೆ ನನ್ನ ಹತ್ತಿರವೇ ಬರಬೇಕು. ಮೂಗಿಗಿಂತ ಮೂಗುತಿ ಭಾರವಾಗಬಾರದು.

ಅಪ್ಪನಿಗೆ ಹೇಳಿಲ್ಲ. ಅವರು ನಿವೃತ್ತರಾದ ಮೇಲೆ ಪೇಪರಿನ ಪದಬಂಧ ಬಿಟ್ಟರೆ ಬೇರೆ ಚಿಂತೆ ಇಟ್ಟುಕೊಂಡಿಲ್ಲ.

ಅಮ್ಮ


ಮಾರ್ಚ್ 15

ಅಮ್ಮಾ,

ನೀನು ಹೇಳಿದ್ದೆಲ್ಲ ಸರಿ. ಡಾಕ್ಟರ ಮುಂದೆ ನಿನ್ನ ಕಾಗದವನ್ನೇ ಇಟ್ಟುಕೊಂಡು ಒಂದೊಂದಾಗಿ ಕೇಳಿದೆ. "ನಿಮ್ಮಮ್ಮ ಏನು ಕೆಲಸ ಮಾಡ್ತಾರೆ?" ಅಂದರು. ಟೈಲರ್ ಅಂದೆ. "ಅದಕ್ಕೇ," ಅಂದರು.

ಜೀವಮಾನ ಪೂರ್ತಿ ಬರುವ ವಸ್ತುವಲ್ಲವಂತೆ. ಹತ್ತು ಹದಿನೈದು ವರ್ಷಕ್ಕೆ, ಕೆಲವರಿಗೆ ಇನ್ನೂ ಬೇಗ, ತೆಗೆದು ಬೇರೆ ಹಾಕಬೇಕಾಗಬಹುದು. ಕೆಲವು ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸುತ್ತಿರಬೇಕು. ಸುತ್ತಲಿನ ಮಾಂಸ ಗಟ್ಟಿಯಾಗಬಹುದು, ಸ್ಪರ್ಶ ಕಡಿಮೆಯಾಗಬಹುದು. ಮುಂದೆ ಮಗುವಾದರೆ ಹಾಲೂಡಿಸಲು ತೊಂದರೆಯಾಗಬಹುದು, ಆಗದೆಯೂ ಇರಬಹುದು. ಇದೆಲ್ಲ ಕೇಳಿ ಒಂದು ವಾರ ನಿದ್ದೆ ಸರಿಯಾಗಿ ಬರಲಿಲ್ಲ. ಆದರೆ ಬೇಡವೆಂದು ಅನ್ನಿಸಲಿಲ್ಲ. ಬೇಡ ಅನ್ನಿಸುತ್ತದೆಯೇನೋ ಎಂದು ಕಾದು ನೋಡಿದೆ.

ಮೇ ತಿಂಗಳಲ್ಲಿ ಮಾಡಿಸಬೇಕೆಂದಿದ್ದೆ, ಸೆಪ್ಟೆಂಬರಿಗೆ ಮುಂದೂಡಿದ್ದೇನೆ. ಅಷ್ಟರಲ್ಲಿ ಇನ್ನೂ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು ಸೇರುತ್ತದೆ. ಪಾರ್ಲರಿನ ಓನರ್ ಮೇಡಂ ಹತ್ತಿರ ಆರು ವಾರ ರಜೆ ಕೇಳಿದೆ. ಕಾರಣ ಹೇಳಿದೆ. "ನನಗೂ ಸ್ವಲ್ಪ ತಂದುಕೊಡೆ," ಅಂತ ನಕ್ಕರು, ಆಮೇಲೆ ಎರಡು ವಾರಕ್ಕೆ ಅರ್ಧ ಸಂಬಳ ಕೊಡುತ್ತೇನೆ ಎಂದರು. ಹಾಸಿಗೆ ಇದ್ದಷ್ಟೇ ಕಾಲು ಚಾಚುತ್ತಿದ್ದೇನೆ, ಹೆದರಬೇಡ.

ಎರಡು ಮಾತು ಬಾಕಿ. ಒಂದು, ನನ್ನನ್ನು ಕಡ್ಡಿ ಎನ್ನಬೇಡ. ಆರನೇ ಕ್ಲಾಸಿನಲ್ಲಿ ಮುದ್ದಾಗಿತ್ತು. ಈಗ ನನಗೆ ಮೂವತ್ತಮೂರು.

ಎರಡು, ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಜಿಪ್ಪಿನ ಬಗ್ಗೆ ಇದೆ, ಸಮವಸ್ತ್ರದ ಬಗ್ಗೆ ಇದೆ. ಬರುತ್ತೀಯೋ ಇಲ್ಲವೋ ಎಂಬುದು ಎಲ್ಲಿಯೂ ಇಲ್ಲ. ಅಡ್ಡಗೋಡೆ ಮೇಲೆ ದೀಪ ಇಡಬೇಡ ಅಮ್ಮ. ಬರುತ್ತೇನೆ ಅನ್ನು, ಇಲ್ಲ ಬರುವುದಿಲ್ಲ ಅನ್ನು.

ನಿನ್ನ ಮಗಳು


ಮೇ 2

ಮಗಳೇ,

ಆ ಹೆಸರು ಬಿಟ್ಟೆ. ಬಾಯಿಗೆ ಬಂದುಬಿಡುತ್ತದೆ, ನುಂಗಿಕೊಳ್ಳುತ್ತೇನೆ.

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಕಾರಣ ಇದೆ. ಹದಿನೇಳು ವರ್ಷದಿಂದ ನಾವಿಬ್ಬರೂ ಆಡದೆ ಬಿಟ್ಟ ಒಂದು ಮಾತಿದೆ. ಅದನ್ನು ಆಡದೆ ನಿನ್ನ ಪ್ರಶ್ನೆಗೆ ಉತ್ತರ ಕೊಡಲು ನನಗೆ ಆಗುತ್ತಿಲ್ಲ.

ನಿನಗೆ ಹದಿನಾರು. ಶಾಲೆಯಲ್ಲಿ ಹಾಡಲು ನೀಲಿ ಫ್ರಾಕು ಬೇಕೆಂದೆ. ಟ್ರಯಲ್ ಹಾಕಿ ಕನ್ನಡಿಯ ಮುಂದೆ ನಿಂತಾಗ ಎದೆಯ ಹತ್ತಿರ ಬಟ್ಟೆ ಸಡಿಲವಾಗಿ ಕುಸಿಯಿತು. ನೀನು ಎದೆಯ ಮೇಲೆ ಕೈ ಕಟ್ಟಿಕೊಂಡೆ. ರಾತ್ರಿ ಒಳಗಿನ ಅಸ್ತರು ಬಿಚ್ಚಿ ತೆಳ್ಳಗೆ ಸ್ಪಂಜು ಇಟ್ಟು ಮತ್ತೆ ಹೊಲಿದೆ. ಹಾಕಿಕೊಂಡು ಬಂದು, "ಅಮ್ಮ, ಎಷ್ಟು ಚೆನ್ನಾಗಿ ಕೂತಿದೆ," ಎಂದು ಕುಣಿದಾಡಿದೆ. ಆಮೇಲೆ ನಿನ್ನ ಪ್ರತಿ ಬಟ್ಟೆಗೂ ಇಟ್ಟೆ. ಸ್ವೆಟರಿಗೂ.

ನನ್ನ ಕಸುಬೇ ಅದು ಮಗಳೇ. ಒಂದು ಭುಜ ಇಳಿದವರಿಗೆ ಆ ಕಡೆ ಒಂದು ಪದರ ಹೆಚ್ಚು ಇಡುತ್ತೇನೆ. ಬೆನ್ನು ಬಾಗಿದವರಿಗೆ ಹಿಂದಿನ ತುಂಡು ಉದ್ದ ಬಿಡುತ್ತೇನೆ. ಅವರಿಗೆ ಹೇಳುವುದಿಲ್ಲ. ಹೇಳಿದರೆ ನೋಯುತ್ತದೆ, ಹೇಳದಿದ್ದರೆ ಅಂಗಿ ಚೆನ್ನಾಗಿದೆ ಎಂದು ಖುಷಿಯಾಗಿ ಹೋಗುತ್ತಾರೆ. ಗಿರಾಕಿಗೆ ಮಾಡಿದ್ದನ್ನೇ ಮಗಳಿಗೂ ಮಾಡಿದೆ. ಅದರಲ್ಲಿ ತಪ್ಪಿದೆ ಎಂದು ಹೊಳೆಯಲೇ ಇಲ್ಲ.

ಆಮೇಲೆ ನೀನು ಗೆಳತಿಯರ ಜೊತೆ ಹೊಳೆಗೆ ಹೋಗಿ ನೆನೆದು ಬಂದೆ. ಸ್ಪಂಜು ನೀರು ಕುಡಿದು ಇಳಿಬಿದ್ದಿತ್ತು. ಎಲ್ಲರೂ ನೋಡಿದರೋ ಏನೋ, ನೀನು ಹೇಳಲಿಲ್ಲ. ಬೀರುವಿನ ಬಟ್ಟೆಯನ್ನೆಲ್ಲ ಹರಡಿಕೊಂಡು, ಅಸ್ತರು ಬಿಚ್ಚಿ, ಹನ್ನೊಂದು ಜೊತೆ ಸ್ಪಂಜನ್ನು ನನ್ನ ಮಿಷನ್ನಿನ ಮೇಲೆ ಗುಡ್ಡೆ ಹಾಕಿ ಹೋಗಿ ಮಲಗಿದೆ. ಬೆಳಗ್ಗೆ ಇಬ್ಬರೂ ಕಾಫಿ ಕುಡಿದೆವು. ಆ ಸ್ಪಂಜನ್ನು ಎಸೆಯಲು ಮನಸ್ಸಾಗದೆ ಯಾರ‍್ಯಾರದೋ ಕೋಟಿನ ಭುಜಕ್ಕೆ ಇಟ್ಟು ಮುಗಿಸಿದೆ.

ನಿನ್ನಲ್ಲಿ ಏನೋ ಕಡಿಮೆಯಿದೆ ಎಂದು ನಿನಗೆ ಮೊದಲು ಹೇಳಿದವಳು ನಾನು. ಬಾಯಲ್ಲಿ ಹೇಳಲಿಲ್ಲ, ಸೂಜಿಯಲ್ಲಿ ಹೇಳಿದೆ. ಈಗ ನೀನು ಅದಕ್ಕೇ ಕತ್ತಿ ಹಿಡಿಸಲು ಹೊರಟಿದ್ದೀಯ. ಒಂದು ವರ್ಷ ತಡೆ. ಆಮೇಲೂ ಬೇಕೆನಿಸಿದರೆ ನನ್ನ ಎರಡನೆಯ ಮಿಷನ್ ಮಾರಿ ಖರ್ಚು ನಾನೇ ಕೊಡುತ್ತೇನೆ. ನನ್ನ ತಪ್ಪಿಗೆ ನಿನ್ನ ದುಡ್ಡು ಹೋಗಬಾರದು. ಆದರೆ ಬಂದು ಇರು ಎನ್ನಬೇಡ. ನಾನು ಮಾಡಿಟ್ಟ ಗಾಯಕ್ಕೆ ಇನ್ನೊಬ್ಬರು ಹಾಕಿದ ಹೊಲಿಗೆಯನ್ನು ದಿನಾ ನೋಡುತ್ತಾ ಕೂರಲು ನನ್ನಿಂದಾಗದು.

ಅಮ್ಮ


ಮೇ 11

ಅಮ್ಮಾ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಕಳ್ಳಿ ಎಂದೂ ಅನ್ನಲಿಲ್ಲವಲ್ಲ!

ಹನ್ನೊಂದು ಜೊತೆ ಅಲ್ಲ, ಒಂಬತ್ತು. ನಾನೇ ಬಿಚ್ಚಿದ್ದು, ನನಗೆ ಗೊತ್ತು. ಹೌದು, ಆ ದಿನ ಗೆಳತಿಯರು ನೋಡಿದರು. ಹೌದು, ಸತ್ತುಹೋಗಬೇಕು ಅನ್ನಿಸಿತ್ತು. ಎರಡು ವರ್ಷ ನಿನ್ನ ಮೇಲೆ ಕೋಪವಿತ್ತು. ಸ್ಪಂಜು ಇಟ್ಟದ್ದಕ್ಕಲ್ಲ. ಕೇಳದೆ ಇಟ್ಟದ್ದಕ್ಕೆ. "ಸ್ವಲ್ಪ ಇಡಲೇನೇ?" ಎಂದಿದ್ದರೆ ಬಹುಶಃ ಇಡು ಎನ್ನುತ್ತಿದ್ದೆ. ಆಮೇಲೆ ಕೆಲಸ ಕಲಿತೆ, ಊರು ಬಿಟ್ಟೆ, ಆ ಕೋಪ ಎಲ್ಲೋ ಹೋಯಿತು. ನೀನು ಮಾತ್ರ ಇನ್ನೂ ಹಿಡಿದುಕೊಂಡು ಕೂತಿದ್ದೀಯ.

ನಿನಗೆ ಸಿಟ್ಟು ಬಂದರೂ ಸರಿ, ಹೇಳಿಬಿಡುತ್ತೇನೆ. ನನ್ನ ಬಟ್ಟೆಯೆಲ್ಲ ನೀನೇ ಹೊಲಿದೆ ನಿಜ. ನನ್ನ ಆಸೆಯನ್ನೂ ನೀನೇ ಹೊಲಿದದ್ದು ಎಂದುಕೊಳ್ಳಬೇಡ. ತಪ್ಪೊಪ್ಪಿಕೊಂಡು ಇದನ್ನೂ ನಿನ್ನದು ಮಾಡಿಕೊಳ್ಳಬೇಡ. ಇದು ನನ್ನದು.

ನನಗೆ ಯಾಕೆ ಬೇಕು ಎಂದು ನೀನು ಒಂದು ಸಲವೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ದಿನಕ್ಕೆ ಒಂಬತ್ತು ಗಂಟೆ ಕನ್ನಡಿಯ ಮುಂದೆ ನಿಲ್ಲುವವಳು ನಾನು. ಹನ್ನೊಂದು ವರ್ಷದಲ್ಲಿ ಎಷ್ಟೋ ಹೆಂಗಸರ ಕೂದಲಿಗೆ ಕೆಂಪು, ಕಂದು, ನೀಲಿ ಬಳಿದಿದ್ದೇನೆ. ಯಾರನ್ನೂ ಯಾಕೆ ಎಂದು ಕೇಳಿಲ್ಲ. ಕುರ್ಚಿ ಮೇಲೆ ಕೂತವರು, ತಲೆ ಎತ್ತಿ ಕನ್ನಡಿಯಲ್ಲಿ "ಹ್ಞಾ, ಇದು ನಾನು" ಅನ್ನುವ ಮುಖ ಮಾಡುತ್ತಾರೆ. ಆ ಮುಖ ನೋಡಿದರೆ ನನಗೆ ಸಂತೋಷವಾಗುತ್ತದೆ. ಡಾಕ್ಟರು ಒಂದು ದಿನ ಬೇರೆ ಬೇರೆ ಅಳತೆಯ ಇಂಪ್ಲಾಂಟಿನ ಮಾದರಿಗಳನ್ನು ಕೊಟ್ಟು, ಬಿಗಿ ಬನಿಯನ್ ಒಳಗೆ ಇಟ್ಟು ನೋಡಿಕೊಳ್ಳಲು ಹೇಳಿದರು. ದೊಡ್ಡದು ಇಟ್ಟುಕೊಂಡೆ, ಯಾರದೋ ಮೈ ಎನಿಸಿತು. ತೆಗೆದೆ. ಚಿಕ್ಕದು ಇಟ್ಟುಕೊಂಡೆ, ಪಕ್ಕಕ್ಕೆ ತಿರುಗಿ ನೋಡಿದೆ. ಆ ಮುಖ ಬಂತಮ್ಮ ನನಗೆ. ಅಷ್ಟೇ. ಅದರ ಹಿಂದೆ ಗಂಡಸಿಲ್ಲ, ಗೆಳತಿಯರಿಲ್ಲ, ನೀನೂ ಇಲ್ಲ.

ಮಿಷನ್ ಮಾರಬೇಡ. ನಿನ್ನ ದುಡ್ಡು ಬೇಡ. ಸೆಪ್ಟೆಂಬರ್ ಹನ್ನೆರಡು, ಬೆಳಗ್ಗೆ ಎಂಟಕ್ಕೆ ತಾರೀಖು ಆಗಿದೆ. ಪಾರ್ಲರಿನಲ್ಲಿ ನನ್ನ ಪಕ್ಕದ ಕುರ್ಚಿಯವಳು ಮೊದಲ ವಾರ ಬಂದು ಇರುತ್ತಾಳೆ. ಆಮೇಲೆ ಹೇಗೋ ನಡೆಯುತ್ತದೆ. ನೀನು ಬರುವುದು ಬೇಡ.

ಮಗಳು


ಆಗಸ್ಟ್ 24

ಮಗಳೇ,

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಗೊತ್ತಿರುವುದರಿಂದ ಮೂರು ತಿಂಗಳು ಏನೂ ಬರೆಯಲಿಲ್ಲ. ಈಗಲೂ ಹೆಚ್ಚು ಬರೆಯುವುದಿಲ್ಲ.

ಪಾರ್ಸೆಲಿನಲ್ಲಿ ನಾಲ್ಕು ಅಂಗಿಗಳಿವೆ. ಮುಂದೆ ಪೂರ್ತಿ ತೆರೆಯುತ್ತವೆ, ತಲೆಯ ಮೇಲಿಂದ ಹಾಕುವ ಕೆಲಸವಿಲ್ಲ. ಗುಂಡಿ ದೊಡ್ಡವು. ಕೈ ಎತ್ತದೆ ತೋಳು ತೂರಿಸಬಹುದು. ಹಳೆಯ ಮೆತ್ತನೆಯ ಹತ್ತಿ, ಎರಡು ಸಲ ಒಗೆದಿದ್ದೇನೆ. ಎದೆಯ ಹತ್ತಿರ ಎಷ್ಟು ಬಿಡಬೇಕೆಂದು ತಿಳಿಯದೆ ಪಕ್ಕದಲ್ಲಿ ದಾರದಿಂದ ಕಟ್ಟುವ ಹಾಗೆ ಮಾಡಿದ್ದೇನೆ. ನಿನಗೆ ಬೇಕಾದಷ್ಟು ಬಿಗಿ ಮಾಡಿಕೋ, ಸಡಿಲ ಮಾಡಿಕೋ. ಒಳಗೆ ಏನೂ ಇಟ್ಟಿಲ್ಲ. ಅಸ್ತರೇ ಇಲ್ಲ.

ಸರಿಯಾಗುತ್ತದೋ ಇಲ್ಲವೋ ಎಂದು ನನ್ನ ಎರಡೂ ಮೊಣಕೈಗಳನ್ನು ಅಳತೆ ಟೇಪಿನಿಂದ ಪಕ್ಕೆಗೆ ಬಿಗಿದುಕೊಂಡು ಹಾಕಲು ನೋಡುತ್ತಿದ್ದೆ. ಅದೇ ಹೊತ್ತಿಗೆ ನಿಮ್ಮಪ್ಪ ಬಂದರು. ಟೇಪು ಗಂಟು ಬಿದ್ದು ಬಿಚ್ಚಲು ಬರುತ್ತಿರಲಿಲ್ಲ. "ಇದೇನೇ ಅವತಾರ!" ಅಂತ ಬಿಚ್ಚಿದರು. ಬಿಚ್ಚುವಷ್ಟರಲ್ಲಿ ಎಲ್ಲ ಹೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು. ಆಮೇಲೆ, "ಅವಳು ನಿನ್ನನ್ನ ಕರೆದಿದ್ಲಾ?" ಎಂದರು. ಫೆಬ್ರವರಿಯಲ್ಲಿ ಕರೆದಿದ್ದಳು, ಈಗ ಬೇಡ ಎಂದಿದ್ದಾಳೆ ಎಂದೆ. "ಕರೆದಾಗ ಹೋಗ್ಬೇಕಿತ್ತು ಕಣೆ. ಯಾಕೆ, ಏನು, ಯಾರ ತಪ್ಪು ಅಂತ ಕೇಳೋಕೆ ನೀನೇನು ಪೊಲೀಸಾ?" ಎಂದು ಪೇಪರು ಹಿಡಿದು ಹೊರಗೆ ಹೋದರು. ಮಗಳ ಮೈಯ ವಿಚಾರ ಎಂದು ನಾಚಿಕೆ, ಆದರೂ ಹೇಳುವುದನ್ನು ಹೇಳಿಯೇ ಹೋದರು.

ಅಂಗಿಗಳು ಸರಿಯಾದವೇ ಎಂದು ತಿಳಿಸು.

ಅಮ್ಮ


ಸೆಪ್ಟೆಂಬರ್ 3

ಅಮ್ಮಾ,

ಸರಿಯಾಗಿವೆ. ಕೈ ಕೆಳಗಿಟ್ಟುಕೊಂಡೇ ಹಾಕಿ ನೋಡಿದೆ. ಪಾರ್ಲರಿನಲ್ಲಿ ಎಲ್ಲರಿಗೂ ತೋರಿಸಿದೆ. ಪಕ್ಕದ ಕುರ್ಚಿಯವಳು ಒಂದನ್ನು ಕದಿಯುವ ಯೋಚನೆಯಲ್ಲಿದ್ದಾಳೆ.

ಅಪ್ಪನಿಗೆ ನನ್ನ ನೆನಪು ಹೇಳು. ಬೇರೆ ಏನು ಹೇಳಬೇಕೋ ತಿಳಿಯದು.

ಬರುವ ಮಾತು ಹಾಗೇ ಇರಲಿ ಅಮ್ಮ. ನೀನು ಬಂದು ಅಪರಾಧಿಯ ಹಾಗೆ ಮೂಲೆಯಲ್ಲಿ ಕೂತರೆ, ಗಾಯದ ಜೊತೆ ನಿನ್ನನ್ನೂ ನಾನೇ ನೋಡಿಕೊಳ್ಳಬೇಕಾಗುತ್ತದೆ. ಅಷ್ಟು ಶಕ್ತಿ ಆಗ ಇರುವುದಿಲ್ಲ. ಈಗ ಎಲ್ಲ ತಯಾರಾಗಿದೆ. ಲೋಟಗಳನ್ನು ಕೆಳಗಿನ ಶೆಲ್ಫಿಗೆ ಇಳಿಸಿದ್ದೇನೆ. ಸ್ವಲ್ಪ ಹೆದರಿಕೆಯಿದೆ. ಬರೆಯಬಾರದೆಂದಿದ್ದೆ, ಬರೆದುಬಿಟ್ಟೆ.

ಮಗಳು


ಸೆಪ್ಟೆಂಬರ್ 12
ಆಸ್ಪತ್ರೆ, ಎರಡನೆಯ ಮಹಡಿ

ಮಗಳೇ,

ರಿಸೆಪ್ಷನ್ನಿನ ಹುಡುಗಿಯ ಹತ್ತಿರ ಹಾಳೆ, ಪೆನ್ನು ಬೇಡಿ ಬರೆಯುತ್ತಿದ್ದೇನೆ. ನಿನ್ನ ಪಕ್ಕದ ಕುರ್ಚಿಯವಳು ಇದನ್ನು ನಿನ್ನ ಕೈಗೆ ಕೊಡುತ್ತಾಳೆ. ನೀನು ಓದುವ ತನಕ ನಾನು ಒಳಗೆ ಬರುವುದಿಲ್ಲ.

ಬೆಳಗಿನ ಬಸ್ಸು ತಡವಾಗಿ ನಾನು ಬರುವಷ್ಟರಲ್ಲಿ ನಿನ್ನನ್ನು ಒಳಗೆ ಕರೆದುಕೊಂಡು ಹೋಗಿದ್ದರು. ಪಕ್ಕದ ಕುರ್ಚಿಯವಳು ನನ್ನನ್ನು ನೋಡಿದ ತಕ್ಷಣ ಗುರುತು ಹಿಡಿದಳು. ನನ್ನ ಅಂಗಿಯ ಜೇಬು ನಿನ್ನ ಅಂಗಿಯ ಜೇಬಿನ ಹಾಗೇ ಇದೆಯಂತೆ. ನನಗೆ ಅರ್ಧ ಬನ್ನು ಕೊಟ್ಟಳು. ಒಳ್ಳೆಯ ಹುಡುಗಿ. ಇಲ್ಲಿ ಗೋಡೆಗೆ ತಿಳಿ ಹಸಿರು ಬಣ್ಣ, ಎದುರಿಗೆ ಕಾಲು ಮುರಿದುಕೊಂಡ ಒಬ್ಬ ಮುದುಕ, ಒಂದು ಕೆಟ್ಟ ಗಡಿಯಾರ. ಸಮಯ ಹೋಗಿದ್ದೇ ತಿಳಿಯುತ್ತಿಲ್ಲ ಎಂದು ಬರೆಯಬೇಕೆಂದಿದ್ದೆ, ಸುಳ್ಳು. ಒಂದೊಂದು ನಿಮಿಷವೂ ತಿಳಿಯುತ್ತಿದೆ.

ನಿಜ ಹೇಳುತ್ತೇನೆ. ನನಗೆ ಈಗಲೂ ಇದು ಇಷ್ಟವಿಲ್ಲ. ನಿನ್ನ ಮೈ ನನಗೆ ಹುಟ್ಟಿದ ದಿನದಿಂದ ಸರಿಯಾಗಿಯೇ ಕಂಡಿದೆ. ಸ್ಪಂಜು ಇಟ್ಟಾಗಲೂ ಸರಿಯಾಗಿಯೇ ಕಂಡಿತ್ತು. ನೀನು ಕೈ ಕಟ್ಟಿಕೊಂಡು ನಿಂತದ್ದನ್ನು ತಡೆಯಲು ಆಗಲಿಲ್ಲ, ಅದಕ್ಕೆ ಇಟ್ಟೆ. ಇದನ್ನು ಹೇಳಿ ಮುಗಿಸಿದೆ. ಇನ್ನು ಆ ಮಾತು ಎತ್ತುವುದಿಲ್ಲ.

ಬಸ್ಸಿನಲ್ಲಿ ನಿನ್ನ ಮೊದಲ ಕಾಗದವನ್ನು ಮತ್ತೆ ಓದಿದೆ. ಏಳು ತಿಂಗಳಿಂದ ನಾನು ಒಪ್ಪುವುದೋ ಬಿಡುವುದೋ ಎಂದು ಒದ್ದಾಡುತ್ತಿದ್ದೆ. ಓದಿದರೆ, ನೀನು ಅದರಲ್ಲಿ ನನ್ನ ಒಪ್ಪಿಗೆ ಕೇಳಿಯೇ ಇಲ್ಲ. ಮೂರು ವಾರ ಕೇಳಿದ್ದೆ. ಪಟ್ಟಿಯನ್ನು ಅಷ್ಟು ಜಾಣತನದಿಂದ ನೋಡಿದವಳಿಗೆ ಆ ಒಂದು ಸಾಲು ಕಾಣದೆ ಹೋಯಿತು. ನಾಚಿಕೆಯಾಯಿತು ಮಗಳೇ.

ಅಂಗಡಿಗೆ ಬೀಗ ಹಾಕಿ, "ಇಪ್ಪತ್ತೊಂದು ದಿನ ಇಲ್ಲ" ಎಂದು ಚೀಟಿ ಅಂಟಿಸಿ ಬಂದಿದ್ದೇನೆ. ನಿಮ್ಮಪ್ಪ ತಾನೇ ಅಡುಗೆ ಮಾಡಿಕೊಳ್ಳುತ್ತಾರಂತೆ, ದೇವರೇ ಕಾಪಾಡಬೇಕು. ಮೂಲೆಯಲ್ಲಿ ಕೂತು ಅಳುವುದಿಲ್ಲ. ತಲೆ ಬಾಚುತ್ತೇನೆ, ಬಟ್ಟೆ ಒಗೆಯುತ್ತೇನೆ, ನೀನು ಮಲಗಿದ್ದಾಗ ಸುಮ್ಮನಿರುತ್ತೇನೆ.

ಆದರೆ ನಿನ್ನನ್ನು ಕೇಳದೆ ಬಂದಿದ್ದೇನೆ. ಅದು ನನ್ನ ಹಳೆಯ ಚಾಳಿ. ಅದಕ್ಕೇ ಬಾಗಿಲ ಹೊರಗೆ ಕೂತು ಈಗ ಕೇಳುತ್ತಿದ್ದೇನೆ. ನಾನು ಇರಲೇನೇ? ಬೇಡವೆಂದರೆ ಬೇಜಾರಿಲ್ಲ, ಸಂಜೆ ಆರಕ್ಕೆ ಬಸ್ಸಿದೆ. ಬೇಜಾರಿಲ್ಲ ಎಂಬುದೂ ಸುಳ್ಳು. ಆದರೆ ಹೋಗುತ್ತೇನೆ.

ಅಮ್ಮ


ಸೆಪ್ಟೆಂಬರ್ 12, ಮಧ್ಯಾಹ್ನ
(ಅದೇ ಹಾಳೆಯ ಹಿಂಬದಿಯಲ್ಲಿ, ಸೊಟ್ಟ ಅಕ್ಷರಗಳಲ್ಲಿ)

ಅಮ್ಮಾ,

ಇರು.

ಬಾಯಿ ಒಣಗಿದೆ. ನೀರು ಕೊಡಬಹುದಾ ಅಂತ ನರ್ಸನ್ನ ಕೇಳಿಕೊಂಡು ಒಳಗೆ ಬಾ.

ಮಗಳು